ಮಂಚವಿಲ್ಲದ ಕೋಣೆ

ಗಂಡ ತಾನಾಗಿಯೇ ಬಂದು "ಎಲ್ಲಾದ್ರೂ ಹೋಗಿಬರೋಣ್ವಾ" ಅಂದರೆ ಬೇರೆ ಹೆಂಗಸರು ಏನು ಮಾಡುತ್ತಾರೋ ಗೊತ್ತಿಲ್ಲ, ಮಿರಾನ್ ಮಾತ್ರ ಹೆಚ್ಚುತ್ತಿದ್ದ ಮೂಲಂಗಿಯನ್ನು ಪಕ್ಕಕ್ಕೆ ಸರಿಸಿ ಅವನ ಮುಖವನ್ನೇ ದಿಟ್ಟಿಸಿದಳು. ಮದುವೆಯಾದಾಗಿನಿಂದ ತೇಸಿಕ್ ಇಂಥದ್ದು ಬೇಕು ಎಂದು ಬಾಯಿ ಬಿಟ್ಟು ಕೇಳಿದವನೇ ಅಲ್ಲ. ಹೋಟೆಲಿಗೆ ಹೋದರೆ "ನಿನಗೇನೋ ನನಗೂ ಅದೇ" ಅನ್ನುವ ಆಸಾಮಿ. ಚಂಗ್‌ಜು ಊರಿನ ಸಿಟಿ ಬಸ್ಸಿನ ಡ್ರೈವರ್. ಯಾವ ದಾರಿಯಲ್ಲಿ ಹೋಗಬೇಕೆಂದು ಕಂಪನಿ ಹೇಳುತ್ತದೆ, ಅವನು ಹೋಗುತ್ತಾನೆ. ಮನೆಯಲ್ಲೂ ಹಾಗೆಯೇ ಕಾಲ ಹಾಕಿದವನಿಗೆ ಈಗ ಇದ್ದಕ್ಕಿದ್ದಂತೆ ಜೆಜು ದ್ವೀಪ ನೆನಪಾಗಿದೆ!

"ಜೆಜುಗಾ?"

"ಹೂಂ. ನಮ್ಮ ಹುಡುಗ ಜುಹೋನೂ ಮಿಲಿಟರಿಗೆ ಹೋದ. ಮನೇಲಿ ಇನ್ನು ನಾವಿಬ್ಬರೇ ತಾನೆ. ಅಲ್ಲಿ ಹೊಸ ಹೊಸ ರೆಸಾರ್ಟ್ ಆಗಿವೆಯಂತೆ. ಈ ಸಲ ಕಂಜೂಸ್‌ತನ ಬೇಡ, ಒಳ್ಳೇದನ್ನೇ ನೋಡೋಣ."

"ನಾವಿಬ್ಬರೇನಾ?"

"ಮತ್ತೆ?"

ಆ "ಮತ್ತೆ" ಅನ್ನುವಾಗ ಅವನ ಕಿವಿ ಎರಡೂ ಕೆಂಪಾದವು. ಮಿರಾನ್ ಅದನ್ನು ಮನಸ್ಸಿನಲ್ಲೇ ಗುರುತು ಹಾಕಿಕೊಂಡು ಮತ್ತೆ ಮೂಲಂಗಿ ಹೆಚ್ಚತೊಡಗಿದಳು.

ಅವಳನ್ನು ಸಂಶಯದ ಪಿಶಾಚಿ ಎಂದು ಬೈಯುವ ಮೊದಲು ಗಾಂಗ್‌ನುಂಗ್ ಕಥೆ ಕೇಳಬೇಕು. ಮದುವೆಯಾಗಿ ಹತ್ತು ವರ್ಷ ತುಂಬಿದಾಗ ಗಂಡ ಹೆಂಡತಿ ಗಾಂಗ್‌ನುಂಗ್ ಸಮುದ್ರಕ್ಕೆ ಹೋಗಿಬರುವುದೆಂದು ಮಾತಾಗಿತ್ತು. ಹಿಂದಿನ ದಿನ "ನಾವಿಬ್ಬರೇನಾ" ಎಂದು ಅವಳು ಕೇಳಿದ್ದಳು, ಅವನು "ಹೂಂ" ಅಂದಿದ್ದ. ಬೆಳಿಗ್ಗೆ ಹೊಸ ಹ್ಯಾಟು ಹಾಕಿಕೊಂಡು ಅಪಾರ್ಟ್‌ಮೆಂಟಿನ ಕೆಳಗೆ ಇಳಿದು ಬಂದರೆ ಕಾರಿನ ಮುಂದಿನ ಸೀಟಿನಲ್ಲಿ ಅತ್ತೆ! ತೊಡೆಯ ಮೇಲೆ ಬೇಯಿಸಿದ ಮೊಟ್ಟೆಯ ಚೀಲ. "ಅಮ್ಮನಿಗೆ ಮನೇಲಿ ಉಸಿರು ಕಟ್ಟಿದ ಹಾಗೆ ಆಗ್ತಿದೆಯಂತೆ" ಅಂದ ತೇಸಿಕ್, ಸ್ಟಿಯರಿಂಗ್ ನೋಡುತ್ತಾ. ಎರಡು ದಿನವೂ ಮಿರಾನ್ ಸಮುದ್ರಕ್ಕೆ ಬೆನ್ನು ಹಾಕಿ ಕೂತು, ಹಸಿಮೀನಿನ ತುಂಡನ್ನು ಎಲೆಯಲ್ಲಿ ಸುತ್ತಿ ಸುತ್ತಿ ಅತ್ತೆಗೆ ಕೊಟ್ಟಳು. ಹ್ಯಾಟು ಕೂಡ ಎಲ್ಲ ಫೋಟೋಗಳಲ್ಲೂ ಅತ್ತೆಯ ತಲೆಯ ಮೇಲೇ ಇದೆ. ಅವಳು ತುಟಿ ಪಿಟಕ್ ಅನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ಅತ್ತೆಯನ್ನು ಬೇಡವೆಂದ ಸೊಸೆಯ ಹೆಸರು ಅಪಾರ್ಟ್‌ಮೆಂಟಿನಿಂದ ಅಪಾರ್ಟ್‌ಮೆಂಟಿಗೆ ಎಷ್ಟು ಬೇಗ ಓಡಾಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಆಸೆ ಅನ್ನುವುದು ಇರುತ್ತದಲ್ಲ. ಆ ಸಂಜೆ ಊಟದ ಮೇಜಿನ ಮೇಲೆ ಕಿಮ್ಚಿ ಉಪ್ಪಿನಕಾಯಿಯ ಡಬ್ಬಿಗೆ ಮೊಬೈಲು ಒರಗಿಸಿಟ್ಟು ಇಬ್ಬರೂ ರೆಸಾರ್ಟ್ ನೋಡಿದರು. ಮೂರು ಅವಳ ಕಣ್ಣಿಗೆ ಬಿದ್ದವು. ಒಂದಕ್ಕೆ ಮೂರು ಕಡೆಯೂ ಗಾಜಿನ ಗೋಡೆ, ಮಂಚದ ಮೇಲೆ ಮಲಗಿದರೆ ಸಮುದ್ರ ಕಾಲಡಿಗೇ ಬರುತ್ತದೆ. ಎರಡನೆಯದರಲ್ಲಿ ಕೋಣೆಗೊಂದು ಬಿಸಿನೀರಿನ ಕೊಳ. ಮೂರನೆಯದು ಕರಿಕಲ್ಲಿನ ಗೋಡೆಗಳ ನಡುವೆ ಅಡಗಿಕೊಂಡ ಹಾಗೆ ಕೂತಿತ್ತು. ಗಾಜಿನದನ್ನು ನೋಡಿ ಮಿರಾನ್‌ಗೆ ಹದಿನೆಂಟರ ಹುಡುಗಿಯ ಹಾಗೆ ಎದೆ ಕುಣಿಯಿತು. ಇಷ್ಟಕ್ಕೂ ಈ ಎಂಟು ವರ್ಷದಲ್ಲಿ ಗಂಡ ಹೆಂಡತಿ ಒಂದು ಕೋಣೆಯಲ್ಲಿ ಮಲಗಿಲ್ಲ. ಮೊದಲನೇ ಬಸ್ಸಿನ ಪಾಳಿ ಬಿದ್ದಾಗ, ಇನ್ನೂ ಕತ್ತಲಿರುವಾಗಲೇ ಏಳಬೇಕು, ನಿನ್ನ ನಿದ್ದೆ ಯಾಕೆ ಕೆಡಬೇಕು ಎಂದು ತೇಸಿಕ್ ಬಾಗಿಲ ಪಕ್ಕದ ಸಣ್ಣ ಕೋಣೆಗೆ ಹೋದವನು, ಪಾಳಿ ಬದಲಾದ ಮೇಲೂ ಅಲ್ಲೇ ಉಳಿದುಕೊಂಡ. ಜಗಳವಿಲ್ಲ, ಕೋಪವಿಲ್ಲ. ಬಾ ಎಂದು ಇವಳು ಕರೆಯಲಿಲ್ಲ, ಬರಲಾ ಎಂದು ಅವನು ಕೇಳಲಿಲ್ಲ. ಹಾಗಾಗಿ ಈ ಹೋಗಿಬರುವ ಮಾತಿನಲ್ಲಿ ಸಮುದ್ರಕ್ಕಿಂತ ದೊಡ್ಡದೊಂದು ವಿಷಯ ಇದೆಯೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಭಯ.

"ಇದು ಚೆನ್ನಾಗಿದೆ ಅಲ್ವಾ?" ಗಾಜಿನದನ್ನು ತೋರಿಸಿದಳು.

ತೇಸಿಕ್ ಕನ್ನಡಕ ಮೇಲೆತ್ತಿ, ಇಳಿಸಿ, ಗಂಟಲು ಸರಿಮಾಡಿಕೊಂಡ. "ಚೆನ್ನಾಗಿದೆ. ಇದರಲ್ಲಿ ಒಂದೊಲ್ ಕೋಣೆ ಇದೆಯಾ?"

"ಏನು?"

"ಅದೇ, ಮಂಚ ಇಲ್ಲದ್ದು. ಬೆಚ್ಚಗಿನ ನೆಲದ್ದು."

"ಅಲ್ಲಾ, ಜುಹೋ ಅಪ್ಪ, ಅಷ್ಟು ದೊಡ್ಡ ರೆಸಾರ್ಟಿಗೆ ಹೋಗಿ ನೆಲದ ಮೇಲೆ ಹಾಸಿಗೆ ಹಾಸ್ಕೊಂಡು ಮಲಗ್ತಾರಾ ಯಾರಾದ್ರೂ?"

"ಬೆಚ್ಚಗಿರತ್ತೆ."

"ಮೇ ತಿಂಗಳಲ್ಲಿ?"

ಅವನು ಮತ್ತೆ ಕನ್ನಡಕ ಮೇಲೆತ್ತಿದ. ಕೊಳದ್ದನ್ನು ತೋರಿಸಿದಾಗಲೂ ಅದೇ ಪ್ರಶ್ನೆ. ಕರಿಕಲ್ಲಿನದರಲ್ಲಿ ಒಂದೊಲ್ ಕೋಣೆ ಇದೆಯೆಂದು ಕಂಡದ್ದೇ ತಡ, "ಇದೇ ಇರಲಿ, ಇದೇ ಇರಲಿ" ಎಂದು, ಅನ್ನ ತಣ್ಣಗಾಗುತ್ತದೆನ್ನುವ ಹಾಗೆ ಗಬಗಬ ಉಣ್ಣತೊಡಗಿದ.

ನೆಲದ ಮೇಲೆ ಮಲಗುವವರು ಈ ಸಂಸಾರದಲ್ಲಿ ಒಬ್ಬರೇ. ಅತ್ತೆ. ಮಂಚ ಅಂದರೆ ಆಸ್ಪತ್ರೆ, ಆಸ್ಪತ್ರೆ ಅಂದರೆ ಸಾವು ಎನ್ನುವ ಹೆಂಗಸು. ಮಗಳ ಮನೆಗೆ ಹೋದರೂ ಮಂಚದ ಮೇಲಿನ ಹಾಸಿಗೆಯನ್ನು ಕೆಳಗೆ ಎಳೆದು ಹಾಕಿಸಿಕೊಳ್ಳುತ್ತಾರೆ. ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಬಂದ ಗಂಡ, ಮಂಚ ಬೇಡವೆಂಬ ಹಟ. ಲೆಕ್ಕ ಕೂಡಿಸಲು ಬಹಳ ಓದಬೇಕಾಗಿರಲಿಲ್ಲ.

ಮಿರಾನ್ ಕೆಲಸ ಮಾಡುವುದು ಮಾರ್ಕೆಟ್ಟಿನ ಒಂದು ಪಲ್ಯದಂಗಡಿಯಲ್ಲಿ. ಮಾಡಲು ಪುರುಸೊತ್ತಿಲ್ಲದವರು ಪಲ್ಯ, ಉಪ್ಪಿನಕಾಯಿ, ಹುರಿದ ಸಣ್ಣಮೀನು ಎಲ್ಲವನ್ನೂ ಡಬ್ಬಿಯಲ್ಲಿ ಒಯ್ಯುವ ಜಾಗ. ಅಂಗಡಿಯ ಒಡತಿ ಒಕ್‌ಸುನ್ ಕಮಲದ ಬೇರಿನಷ್ಟೇ ಚೆನ್ನಾಗಿ ಮನುಷ್ಯರನ್ನೂ ಬೇಯಿಸುತ್ತಾಳೆ.

"ಗಂಡ ಇದ್ದಕ್ಕಿದ್ದ ಹಾಗೆ ಒಳ್ಳೆಯವನಾದ ಅಂದ್ರೆ ಮೂರೇ ಕಾರಣ ಕಣೇ" ಅಂದಳು ಒಕ್‌ಸುನ್, ಸೌಟು ಅಲ್ಲಾಡಿಸುತ್ತಾ. "ಒಂದೋ ಸಾಲ, ಒಂದೋ ಕಾಯಿಲೆ, ಇಲ್ಲಾ ಇನ್ನೊಬ್ಬಳು."

"ನಮ್ಮನೇವ್ರದ್ದು ನಾಲ್ಕನೇದು. ಅವರಮ್ಮ."

"ಒಂದೊಲ್ ಕೋಣೆ ಅಂದ್ನಾ? ಅಯ್ಯೋ ಪಾಪ! ಹಾಗಾದ್ರೆ ಮೂರನೇ ಟಿಕೆಟ್ಟು ಆಗಲೇ ಆಗಿದೆ ಅಂತಲೇ ತಿಳ್ಕೋ. ನೀನು ಹ್ಯಾಟು ತಗೋಬೇಡ, ಅತ್ತೆ ಅಳತೆಗೇ ತಗೊಂಡ್ಬಿಡು."

ಮಿರಾನ್ ನಕ್ಕಳು. ಆದರೆ ತಲೆಯೊಳಗೆ ಬಿಟ್ಟ ಹುಳ ಸುಮ್ಮನಿರುತ್ತದೆಯೆ? ಅಂದಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಗಂಡನನ್ನು ಕಾಯತೊಡಗಿದಳು. ಅವನು ಅಮ್ಮನ ಮನೆಗೆ ಹೋಗಿ ಸೌತೆಕಾಯಿ ಕಿಮ್ಚಿ ತಂದ, ತರುವಾಗ ಸಿಳ್ಳೆ ಹಾಕುತ್ತಿದ್ದ. ಅತ್ತೆ ಕೂದಲಿಗೆ ಪರ್ಮ್ ಮಾಡಿಸಿಕೊಂಡಿದ್ದರು, ಒಂದೊಂದು ಕೂದಲೂ ಸುರುಳಿ. ಮದುವೆ, ಹಬ್ಬ, ವಿಮಾನ, ಈ ಮೂರಕ್ಕಲ್ಲದೆ ಆ ಹೆಂಗಸು ಪರ್ಮ್‌ಗೆ ದುಡ್ಡು ಬಿಚ್ಚುವವರಲ್ಲ. ಈ ತಿಂಗಳು ಮದುವೆಯೂ ಇರಲಿಲ್ಲ, ಹಬ್ಬವೂ ಇರಲಿಲ್ಲ.

ಎಲ್ಲಕ್ಕಿಂತ ಮೇಲೆ ಒಂದು ಫೋನು. ತೇಸಿಕ್ ಬಾಲ್ಕನಿಯಲ್ಲಿ ನಿಂತು, ಒಣಹಾಕಿದ ಬಟ್ಟೆಗಳ ಹಿಂದೆ ಅವಿತುಕೊಂಡ ಹಾಗೆ, ರೆಸಾರ್ಟಿನವರೊಂದಿಗೆ ಮಾತಾಡುತ್ತಿದ್ದ. ಬಟ್ಟೆ ಮಡಿಸುವ ನೆಪದಲ್ಲಿ ಮಿರಾನ್ ಕಿವಿ ನಿಮಿರಿಸಿದಳು.

"ಒಂದು ಹಾಸಿಗೆ ಜಾಸ್ತಿ ಕೊಡ್ತೀರಾ? ...ಹೌದು, ಸೊಂಟ ನೋವಿದೆ. ...ದಪ್ಪದ್ದೇ ಇರಲಿ. ನೆಲ ಒತ್ತಬಾರದು ನೋಡಿ. ...ಹೌದು, ಹೌದು, ಇದು ಗುಟ್ಟಾಗಿರಲಿ, ಮೊದಲೇ ಹೇಳ್ಬೇಡಿ."

ಸೊಂಟ ನೋವು ಯಾರಿಗೆ ಎಂದು ಈ ವಂಶದಲ್ಲಿ ಯಾವ ಮಗುವನ್ನು ಕೇಳಿದರೂ ಹೇಳುತ್ತದೆ. ಅತ್ತೆಯ ಸೊಂಟದ ಸುದ್ದಿ ಇಲ್ಲದೆ ಯಾವ ಹಬ್ಬದ ಊಟವೂ ಮುಗಿದದ್ದಿಲ್ಲ. ಜೊತೆಗೆ ಗುಟ್ಟು ಬೇರೆ! ಮಿರಾನ್ ಸಿಟ್ಟಿನಲ್ಲಿ ಮಡಿಸಿದ ಟವೆಲನ್ನೇ ಮತ್ತೆ ಮಡಿಸಿದಳು.

ಹಾಗಾದರೆ ನೆಟ್ಟಗೆ ಗಂಡನನ್ನೇ ಕೇಳಬಾರದಿತ್ತೆ? ಎಲ್ಲಿ ಕೇಳುವುದು! ಕೇಳಿದರೆ, ಹೌದು ಅನ್ನುತ್ತಾನೆ ಅಂತಿಟ್ಟುಕೊಳ್ಳಿ. ಆಗ ಅವಳು ಹಲ್ಲು ಕಿರಿದು "ಓ, ಎಷ್ಟು ಒಳ್ಳೇದಾಯ್ತು" ಅನ್ನಲೇಬೇಕು. ಇಲ್ಲ ಅಂದರೆ ಅವಳು ನಂಬುವುದಿಲ್ಲ. ಎರಡರಿಂದಲೂ ಸುಖವಿಲ್ಲ. ಆದ್ದರಿಂದ ಸುತ್ತುದಾರಿ ಹಿಡಿದಳು. ತೇಸಿಕ್‌ನ ಅಕ್ಕ ಗ್ಯೊಂಗ್‌ಜಾ, ತಾಯಿಯ ಮನೆಯ ಪಕ್ಕದ ಬ್ಲಾಕಿನಲ್ಲೇ ಇರುವವಳು, ತಾಯಿ ಕೆಮ್ಮಿದರೂ ಮೊದಲು ತಿಳಿಯುವುದು ಅವಳಿಗೆ. ಅವಳ ಬಾಯಿ ಬಿಡಿಸಿದರೆ ಎಲ್ಲ ಹೊರಬೀಳುತ್ತದೆ. ಬಾಯಿ ಬಿಡಿಸಲು ಮಿರಾನ್ ಹೂಡಿದ ಉಪಾಯ, ನಮ್ಮ ಸೊಸೆಯಂದಿರು ತಲತಲಾಂತರದಿಂದ ಹೂಡುತ್ತ ಬಂದದ್ದೇ. ಯಾವುದು ಬೇಡವೋ ಅದನ್ನು ಬೇಕೆಂದು ಸಕ್ಕರೆ ಹಚ್ಚಿ ಹೇಳುವುದು, ಎದುರಿನವರು "ಓ, ನಿನಗೂ ಗೊತ್ತಾಯ್ತಾ" ಅನ್ನಲಿ ಎಂದು ಕಾಯುವುದು.

"ಅಕ್ಕಾ, ಚೆನ್ನಾಗಿದ್ದೀರಾ? ಏನಿಲ್ಲ, ಜೆಜು ವಿಷಯ. ವಿಮಾನದಲ್ಲಿ ಅತ್ತೆಗೆ ಮಂಡಿ ಹಿಡ್ಕೊಳ್ಳಲ್ಲ ತಾನೆ? ಬೆಚ್ಚಗಿನ ಮಂಡಿಪಟ್ಟಿ ಒಂದು ಜೊತೆ ತಗೊಳ್ಳಲಾ ಅಂತ."

ಆ ಕಡೆ ಸದ್ದೇ ಇಲ್ಲ. ಮಿರಾನ್ ಮನಸ್ಸಿನಲ್ಲೇ, ಸಿಕ್ಕಿಬಿದ್ದಳು ಅಂದುಕೊಂಡಳು.

"ಜೆಜುಗಾ? ಅಮ್ಮನಾ?" ಗ್ಯೊಂಗ್‌ಜಾಳ ದನಿ ಸಣ್ಣಗಾಗಿತ್ತು.

"ಹೂಂ ಅಕ್ಕ. ಒಂದೊಲ್ ಕೋಣೇನೇ ನೋಡಿದ್ದಾರೆ ಅವರು. ಅತ್ತೆಗೆ ಮಂಚ ಆಗಲ್ವಲ್ಲ."

"ನನಗೇನೂ ಗೊತ್ತಿಲ್ಲಮ್ಮ. ನನಗ್ಯಾರೂ ಹೇಳಿಲ್ಲ."

ಎಂಥ ನಾಟಕ! ಗೊತ್ತಿಲ್ಲದವರು ದನಿ ಯಾಕೆ ಸಣ್ಣ ಮಾಡುತ್ತಾರೆ? "ಹೋಗ್ಲಿ ಬಿಡಿ ಅಕ್ಕ" ಎಂದು ನಯವಾಗಿ ಫೋನಿಟ್ಟು, ಮಿರಾನ್ ಗೆದ್ದವಳ ಹಾಗೆ ಕಮಲದ ಬೇರು ಕತ್ತರಿಸತೊಡಗಿದಳು. "ಎಲ್ಲರೂ ಒಂದೇ" ಎಂದು ಒಕ್‌ಸುನ್‌ಗೆ ಹೇಳಿದಳು. "ಮೊದಲೇ ಹೇಳ್ಲಿಲ್ವಾ ನಾನು" ಅಂದಳು ಒಕ್‌ಸುನ್.

ಅಂಗಡಿ ಮುಚ್ಚುವ ಮೊದಲೇ ಅತ್ತೆಯ ಫೋನ್ ಬಂತು.

"ಮಗೂ" ಅಂದರು ಅತ್ತೆ, ಅಷ್ಟಕ್ಕೇ ಗಂಟಲು ಕಟ್ಟಿತು. ಆ ಹೆಂಗಸಿನ ಗಂಟಲು ಕಟ್ಟಿದ್ದನ್ನು ಮಿರಾನ್ ಮಾವನ ಸಾವಿನಲ್ಲಿ ಒಂದು ಸಲ ಕೇಳಿದ್ದಳು, ಅಷ್ಟೇ. "ಗ್ಯೊಂಗ್‌ಜಾ ಹೇಳಿದ್ಲು. ನೀನೇ ಫೋನ್ ಮಾಡಿ ನನ್ನ ಮಂಡಿ ಬಗ್ಗೆ ಕೇಳಿದ್ಯಂತೆ. ಹೊಟ್ಟೇಲಿ ಹುಟ್ಟಿದವಳು ಒಂದು ದಿನ ಕೇಳಿಲ್ಲ. ಇಲ್ಲಿ ಅಪಾರ್ಟ್‌ಮೆಂಟಿನ ಮುದುಕರೆಲ್ಲ ಸೇರೋ ಹಿರಿಯರ ಕೋಣೇಲಿ ಎಲ್ಲರಿಗೂ ಹೇಳ್ಬಿಟ್ಟೆ. ಸೊಸೆ ರೆಸಾರ್ಟಿಗೆ ಕರ್ಕೊಂಡು ಹೋಗ್ತಿದ್ದಾಳೆ ಅಂತ. ಸಾಂಗ್‌ಚುನ್ ಅಜ್ಜಿ ಹೊಟ್ಟೆ ಉರ್ಕೊಂಡು ಟೀ ಕೂಡ ಕುಡೀದೆ ಎದ್ದು ಹೋದ್ಲು. ಸೂಟ್‌ಕೇಸ್ ನಾನೇ ತಗೋತೀನಿ, ನೀನು ಖರ್ಚು ಮಾಡ್ಬೇಡ."

ಇಷ್ಟಾದ ಮೇಲೂ ಮಿರಾನ್‌ಗೆ ಅನುಮಾನವೇ. ಎಷ್ಟು ಸಲೀಸಾಗಿ ಎಲ್ಲವನ್ನೂ ತನ್ನ ತಲೆಗೇ ಕಟ್ಟಿದರು! ಕರೆದದ್ದು ಸೊಸೆ ಎಂದಾಯಿತು, ಮಗ ನಿರಪರಾಧಿ. ಅಮ್ಮ, ಮಗ, ಮಗಳು ಮೂವರೂ ಸೇರಿಯೇ ಈ ಹೊಂಚು ಹಾಕಿದ್ದಾರೆ. ಬಸ್ ಸ್ಟಾಪಿನಿಂದ ಮನೆಗೆ ಬರುವವರೆಗೂ ಅವಳು ಇದನ್ನೇ ಅಗಿದಳು.

ತೇಸಿಕ್ ಪಾಳಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದ. ಮಿರಾನ್ ಅಡುಗೆಮನೆಯಿಂದಲೇ ಬಾಣ ಬಿಟ್ಟಳು.

"ಸಂತೋಷ ಆಯ್ತಾ ಜುಹೋ ಅಪ್ಪ? ನಿಮ್ಮಮ್ಮ ಫೋನ್ ಮಾಡಿದ್ರು. ಸೂಟ್‌ಕೇಸ್ ಅವರೇ ತಗೋತಾರಂತೆ."

"ಯಾವ ಸೂಟ್‌ಕೇಸು?"

"ಜೆಜುಗೆ! ಇನ್ನೂ ಎಷ್ಟು ದಿನ ಅಂತ ಮುಚ್ಚಿಡ್ತೀರಿ? ಒಂದೊಲ್ ಕೋಣೆ ಅಂದಾಗಲೇ ನನಗೆ ಗೊತ್ತಾಯ್ತು. ಸೊಂಟ ನೋವಿನವರಿಗೆ ದಪ್ಪ ಹಾಸಿಗೆ ಅಂದಾಗ ಗಟ್ಟಿಯಾಯ್ತು. ನಾನೇನು ದಡ್ಡಿನಾ?"

ತೇಸಿಕ್ ಒಂದು ಶೂ ಬಿಚ್ಚಿದ್ದ, ಇನ್ನೊಂದು ಕಾಲಲ್ಲೇ ಇತ್ತು. ಹಾಗೆಯೇ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಮುಖದಲ್ಲಿ ಕಳ್ಳತನ ಸಿಕ್ಕಿಬಿದ್ದವನ ಹುಳ್ಳಗಿನ ನಗೆ ಬರುತ್ತದೆಂದು ಅವಳು ಕಾದಳು. ಬರಲಿಲ್ಲ.

"ಅಮ್ಮನಿಗೆ ಹೇಗೆ ಗೊತ್ತಾಯ್ತು ಇದು?" ಅಂದ. "ನಾನು ಯಾರಿಗೂ ಹೇಳಿಲ್ವಲ್ಲ."

ಆ ಪ್ರಶ್ನೆ ಮಿರಾನ್‌ಗೆ ನಾಟಕದ ಹಾಗೆ ಕೇಳಿಸಲಿಲ್ಲ. ಆದರೂ ಹಟ ಬಿಡಲಿಲ್ಲ. "ಸೊಂಟ ನೋವು ಯಾರಿಗೆ ಹಾಗಾದ್ರೆ?"

"ನಿನಗೆ."

"ನನಗಾ?"

"ಅಂಗಡೀಲಿ ದಿನವಿಡೀ ನಿಂತಿರ್ತೀಯ. ಸ್ನಾನದ ಮನೇಲಿ ನೋವಿನ ಪಟ್ಟಿ ಹಚ್ಕೋತೀಯ. ನಾನು ಹೋದಾಗ ವಾಸನೆ ಬರತ್ತೆ."

ಈ ಮನೆಯಲ್ಲಿ ತನ್ನ ಸೊಂಟದ ವಿಷಯ ಯಾರಿಗೂ ತಿಳಿದಿಲ್ಲವೆಂದು ಮಿರಾನ್ ನಂಬಿದ್ದಳು. ಅವಳು ತಡವರಿಸಿದಳು. "ಮತ್ತೆ, ಅತ್ತೆ ಪರ್ಮ್ ಮಾಡಿಸ್ಕೊಂಡಿದ್ದು?"

"ಅಪ್ಪ ಅಮ್ಮಂದಿರ ದಿನಕ್ಕೆ ಹಿರಿಯರ ಕೋಣೇಲಿ ಹಾಡೋಕೆ ನಿಂತಿದ್ಲು. ನೀನೇ ಅಲ್ವಾ ಫೋಟೋ ತೆಗೆದಿದ್ದು?"

ಹೌದು, ಅವಳೇ ತೆಗೆದಿದ್ದಳು. ಗುಮಾನಿ ತುಂಬಿದ ತಲೆಯಲ್ಲಿ ಆ ಫೋಟೋಗೆ ಜಾಗವಿರಲಿಲ್ಲ, ಅಷ್ಟೇ.

"ಆದ್ರೆ ಒಂದೊಲ್ ಯಾಕೆ?" ಈಗ ಅವಳ ದನಿಯೂ ಸಣ್ಣಗಾಗಿತ್ತು.

ತೇಸಿಕ್ ಇನ್ನೊಂದು ಶೂ ಬಿಚ್ಚಿದ. ಎರಡನ್ನೂ ಜೋಡಿಸಿ ಗೋಡೆಗೆ ಇಟ್ಟ. ಅವಳ ಕಡೆ ನೋಡದೆ, ಶೂಗಳಿಗೆ ಹೇಳುವ ಹಾಗೆ ಹೇಳಿದ.

"ಒಂದೇ ದೊಡ್ಡ ಮಂಚ ಅಂತ ಹಿಡಿದ್ರೆ, ಇಷ್ಟು ವರ್ಷ ಆದಮೇಲೆ ಇವನಿಗೇನು ಬಂತಪ್ಪ ಅಂತ ನೀನು ಅಂದ್ಕೊಳ್ತೀಯ. ಎರಡು ಮಂಚ ಅಂದ್ರೆ ಇಲ್ಲಿದ್ದ ಹಾಗೇ ಅಲ್ಲೂ. ನೆಲದ ಮೇಲಾದ್ರೆ ಹಾಸಿಗೆ ಎಲ್ಲಿ ಬೇಕಾದ್ರೂ ಹಾಕ್ಬಹುದು. ಮೊದಲು ದೂರ ದೂರ ಹಾಕಿ, ಆಮೇಲೆ ಸ್ವಲ್ಪ ಎಳ್ಕೋಬಹುದು. ನಿನಗೆ ಬೇಡ ಅನ್ನಿಸಿದ್ರೆ ಎಳ್ಕೊಳ್ಳೋದು ಬೇಡ. ಯಾರಿಗೂ ಮುಜುಗರ ಇಲ್ಲ ಅಂತ."

ಮಿರಾನ್ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಎಷ್ಟು ದಿನದಿಂದ ಈ ಮನುಷ್ಯ ಇದನ್ನು ಮನಸ್ಸಿನಲ್ಲಿ ಹಾಸಿ ತೆಗೆದು ಹಾಸಿ ತೆಗೆದು ಮಾಡಿರಬೇಕು! ಅವಳಿಗೆ ಅಳು ಬಂತು. ತನ್ನ ಮೇಲೆ ಹೇಸಿಗೆಯಾಯಿತು.

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು ನೀನು" ಅಂದ ತೇಸಿಕ್.

"ಕೇಳಿದ್ದೆನಲ್ಲ ಗಾಂಗ್‌ನುಂಗ್‌ಗೆ ಹೋಗೋ ಹಿಂದಿನ ದಿನ. ಹೂಂ ಅಂದಿದ್ರಿ."

"ಅಮ್ಮ ಅವತ್ತು ಬೆಳಿಗ್ಗೆ ಫೋನ್ ಮಾಡಿ ಅತ್ತಳು. ನಿನಗೆ ಮೇಲೆ ಬಂದು ಹೇಳೋಕೆ ಧೈರ್ಯ ಆಗ್ಲಿಲ್ಲ." ಅವನು ಎದ್ದು ನಿಂತ. "ಈಗ್ಲೂ ಅಮ್ಮನಿಗೆ ಬರ್ಬೇಡ ಅನ್ನೋಕೆ ನನ್ನ ಕೈಲಿ ಆಗಲ್ಲ. ನಿನ್ನ ಕೈಲೂ ಆಗಲ್ಲ. ಕೋಣೆ ಇಬ್ಬರಿಗೆ ಇದೆ. ನೀವಿಬ್ಬರೂ ಹೋಗಿಬನ್ನಿ."

"ದೊಡ್ಡ ಕೋಣೆ ಹಿಡಿದು ಮೂರು ಜನಾನೂ..."

"ಮೂರು ಜನ ಹೋದ್ರೆ ಮತ್ತೆ ಗಾಂಗ್‌ನುಂಗೇ. ಬೇಡ."

ಅವನು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವಳಿಗೆ ತಿರುಗಿ ಸಿಟ್ಟು ಮಾಡಲು ಒಂದು ದಾರಿ ಇರುತ್ತಿತ್ತು. ತಪ್ಪಾಯಿತು ಅನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು. ಅಷ್ಟರಲ್ಲಿ ತೇಸಿಕ್ ಸಣ್ಣ ಕೋಣೆಗೆ ಹೋಗಿ, ಎಂದಿನಂತೆ ಸದ್ದಾಗದ ಹಾಗೆ ಬಾಗಿಲು ಹಾಕಿಕೊಂಡಿದ್ದ.

ಹೊರಡುವ ದಿನ ವಿಮಾನ ನಿಲ್ದಾಣಕ್ಕೆ ಅವನೇ ಬಿಟ್ಟ. ಅತ್ತೆಯ ಸೂಟ್‌ಕೇಸು ಕಡುಗೆಂಪು, ಹೊಸದು. "ನೀನೂ ಬರ್ಬಹುದಿತ್ತಲ್ಲೋ" ಅಂದರು ಅತ್ತೆ. "ಡ್ಯೂಟಿ ಇದೆ ಅಮ್ಮ" ಅಂದ. ಅವನು ಈ ದಿನಗಳಿಗೆಂದೇ ರಜೆ ಹಾಕಿದ್ದನೆಂದು ಮಿರಾನ್‌ಗೆ ಗೊತ್ತಿತ್ತು. ವಿಮಾನ ಮೇಲೇರುವಾಗ, ನಾಚಿಕೆಗೇಡಿನ ವಿಷಯವೆಂದು ಗೊತ್ತಿದ್ದೂ, ಅವಳ ತಲೆ ಅಲ್ಲಿಗೇ ಹೋಯಿತು. ಇಲ್ಲದ ಡ್ಯೂಟಿ ಇದೆಯೆಂದು ಯಾಕೆ ಹೇಳಿದ? ರಜೆ ಇಟ್ಟುಕೊಂಡು ಏನು ಮಾಡುತ್ತಾನೆ? ಒಕ್‌ಸುನ್ ಹೇಳಿದ ಮೂರನೇ ಕಾರಣವೂ ಒಮ್ಮೆ ಮಿಂಚಿ ಹೋಯಿತು. ಅವಳು ಕಣ್ಣು ಮುಚ್ಚಿ ತನ್ನನ್ನೇ ಬೈದುಕೊಂಡಳು. ಪಕ್ಕದಲ್ಲಿ ಅತ್ತೆ ಮೋಡ ನೋಡಿ ಚಪ್ಪಾಳೆ ತಟ್ಟುತ್ತಿದ್ದರು.

ರೆಸಾರ್ಟಿನ ಕೌಂಟರಿನಲ್ಲಿದ್ದ ಹುಡುಗಿ "ದಂಪತಿಗಳಿಗೆ ಸ್ವಾಗತ" ಎಂದು ತಲೆ ಬಾಗಿಸಿದವಳು, ತಲೆ ಎತ್ತಿ ಇಬ್ಬರು ಹೆಂಗಸರನ್ನು ಕಂಡು ನಗು ಹಾಗೆಯೇ ಇಟ್ಟುಕೊಂಡು ನಿಂತಳು. ಅತ್ತೆ ಕೌಂಟರಿಗೆ ಮೊಣಕೈ ಊರಿ "ಇವಳು ನನ್ನ ಸೊಸೆ. ಇವಳೇ ಕರ್ಕೊಂಡು ಬಂದಿರೋದು" ಅಂದರು. ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೂ ಅದನ್ನೇ ಹೇಳಿದರು. ಹೇಳಿದಾಗಲೆಲ್ಲ ಮಿರಾನ್‌ಳ ಮುಖಕ್ಕೆ ಯಾರೋ ಹೊಡೆದ ಹಾಗಾಗುತ್ತಿತ್ತು.

ಕೋಣೆ ಬೆಳ್ಳಗೆ, ಶಾಂತವಾಗಿ, ಬೇಕಾದಷ್ಟು ದೊಡ್ಡದಾಗಿತ್ತು. ಕಿಟಕಿಯಾಚೆ ಕರಿಕಲ್ಲಿನ ಗೋಡೆ, ಅದರಾಚೆ ಸಮುದ್ರ. ನೆಲದ ಮೇಲೆ ಹಾಸಿದ ಎರಡು ಹಾಸಿಗೆಗಳ ಮೇಲೆ ಗುಲಾಬಿ ಎಸಳಿನಲ್ಲಿ ಹೃದಯ ಬಿಡಿಸಿದ್ದರು. ಪಕ್ಕದಲ್ಲಿ ಜೋಡಿ ರಾತ್ರಿಯುಡುಪು, ಒಂದೇ ಪಟ್ಟೆ, ಒಂದೇ ಬಣ್ಣ, ಒಂದು ದೊಡ್ಡದು, ಒಂದು ಚಿಕ್ಕದು. ಗುಟ್ಟಾಗಿರಲಿ ಎಂದು ತೇಸಿಕ್ ಫೋನಿನಲ್ಲಿ ಹೇಳಿದ್ದು ಇದಕ್ಕೇ.

"ಇದೇನೇ ಇದು, ಹೂ ಹರಡಿ ಹೋಗಿದ್ದಾರೆ! ಗುಡಿಸೋರ್ಯಾರು?" ಅತ್ತೆ ಸೆರಗು ಕಟ್ಟಿದವರ ಹಾಗೆ ತೋಳೇರಿಸಿ, ಎಸಳುಗಳನ್ನೆಲ್ಲ ಬಾಚಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರು. "ಒಣಗಿಸಿ ಸ್ನಾನದ ನೀರಿಗೆ ಹಾಕ್ಕೋಬಹುದು." ಆಮೇಲೆ ತೇಸಿಕ್‌ಗೆಂದು ಬಂದಿದ್ದ ದೊಡ್ಡ ಉಡುಪು ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತು, ತೋಳು ಕೈ ದಾಟಿ ಇಳಿಬಿದ್ದಿದ್ದನ್ನು ನೋಡಿ ಎಳೇ ಹುಡುಗಿಯ ಹಾಗೆ ನಕ್ಕರು. "ನೀನೂ ಹಾಕ್ಕೊಳ್ಳೇ. ಫೋಟೋ ತೆಗೆದು ಸಾಂಗ್‌ಚುನ್ ಅಜ್ಜಿಗೆ ಕಳಿಸ್ತೀನಿ."

ಮಿರಾನ್ ಹಾಕಿಕೊಂಡಳು, ಅತ್ತೆಯ ಭುಜಕ್ಕೆ ಭುಜ ತಾಗಿಸಿ ನಿಂತು ನಕ್ಕಳು. ಈ ಮುದುಕಿಯನ್ನು ದ್ವೇಷಿಸುವುದೂ ಇನ್ನು ಸಾಧ್ಯವಿಲ್ಲವಲ್ಲ ಎಂದು ಅವಳಿಗೆ ಮತ್ತಷ್ಟು ಸಂಕಟವಾಯಿತು. ಕರೆದದ್ದಕ್ಕೆ ಬಂದಿದ್ದರು, ಪಾಪ. ಅವರದೇನು ತಪ್ಪು?

ಮಧ್ಯಾಹ್ನ ಅತ್ತೆ ಕೆಳಗಿನ ಬಿಸಿನೀರಿನ ಕೊಳಕ್ಕೆ ಸ್ನಾನಕ್ಕೆ ಹೋದರು. ಮಿರಾನ್ ಒಬ್ಬಳೇ ಎರಡರಲ್ಲಿ ದಪ್ಪಗಿದ್ದ ಹಾಸಿಗೆಯ ಮೇಲೆ ಮೈ ಚಾಚಿದಳು. ಸೊಂಟ ಹಗುರಾಯಿತು. ಕೈ ಚಾಚಿ ಪಕ್ಕದ ಹಾಸಿಗೆಯ ಅಂಚು ಹಿಡಿದು ಎಳೆದಳು. ಬೆಚ್ಚಗಿನ ನೆಲದ ಮೇಲೆ ಅದು ಸದ್ದಿಲ್ಲದೆ ಜಾರಿ ಬಂತು. ಇಷ್ಟು ಸುಲಭ! ಅವಳು ಎದ್ದು ಕೂತು ಫೋನ್ ಮಾಡಿದಳು.

"ಹಲೋ" ಅಂದ ತೇಸಿಕ್. ಹಿಂದೆ ಬಸ್ಸುಗಳ ಗುರುಗುರು, ಯಾರೋ ಯಾರನ್ನೋ ಡಿಪೋದಲ್ಲಿ ಕೂಗುತ್ತಿದ್ದರು. ರಜೆ ವಾಪಸು ಮಾಡಿ ನಿಜವಾಗಿಯೂ ಕೆಲಸಕ್ಕೆ ಹೋಗಿದ್ದಾನೆ. ಆ ಸದ್ದು ಕೇಳಿ ಅವಳಿಗೆ ಸಮಾಧಾನವಾಯಿತು, ಸಮಾಧಾನವಾಯಿತಲ್ಲ ಎಂದು ನಾಚಿಕೆಯೂ ಆಯಿತು.

"ಊಟ ಆಯ್ತಾ?"

"ಆಯ್ತು. ಅಮ್ಮ ಹೇಗಿದ್ದಾಳೆ?"

"ಖುಷಿಯಾಗಿದ್ದಾರೆ. ಜುಹೋ ಅಪ್ಪ..." ಅವಳು ಉಸಿರು ಎಳೆದುಕೊಂಡಳು. ಸುತ್ತುದಾರಿ ಬೇಡ, ಈ ಸಲ ನೆಟ್ಟಗೆ. "ಬರೋ ತಿಂಗಳು ನಾವಿಬ್ಬರೇ ಬರೋಣ. ಇಲ್ಲಿಗೇ. ಇದೇ ಕೋಣೆ ಹಿಡೀರಿ. ಮಂಚ ಇಲ್ಲದ್ದು."

ಬಸ್ಸುಗಳು ಗುರುಗುಟ್ಟುತ್ತಲೇ ಇದ್ದವು.

"ಯಾಕೆ, ಅಮ್ಮ ಹೇಳು ಅಂದಳಾ?" ಅಂದ ತೇಸಿಕ್.

"ಇಲ್ಲ! ಅವರು ಸ್ನಾನಕ್ಕೆ ಹೋಗಿದ್ದಾರೆ."

"ಅಕ್ಕ ಏನಾದ್ರೂ ಫೋನ್ ಮಾಡಿದ್ಲಾ?"

"ಯಾರೂ ಮಾಡಿಲ್ಲ. ಯಾರೂ ಹೇಳಿಕೊಟ್ಟಿಲ್ಲ. ನಾನೇ ಕೇಳ್ತಿದ್ದೀನಿ. ನನಗೇ ಬೇಕು."

"ನಿಜವಾಗ್ಲೂ?"

"ನಿಜವಾಗ್ಲೂ."

"ಅಲ್ಲಾ, ನನಗೆ ಬೇಜಾರಾಗಿದೆ ಅಂತ ಹೇಳ್ತಿದ್ದೀಯಾ?"

"ಅಲ್ಲಾರೀ!" ಅಂದಳು ಮಿರಾನ್. ಆದರೆ ಆ ಮಾತು ತೀರಾ ಬೇಗ, ತೀರಾ ಜೋರಾಗಿ ಬಂತು. ಸುಳ್ಳು ಹೇಳುವವರು ಹಾಗೇ ಹೇಳುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅವನ ಉಸಿರಿನಲ್ಲಿ ಏನಿದೆಯೆಂದು ಅವಳು ಕಿವಿಗೊಟ್ಟು ಕೇಳಿದಳು. ಸಂತೋಷವೋ, ನೋವೋ, ನಂಬಲಾರದೆ ತಡೆಹಿಡಿದ ನಗೆಯೋ ಗೊತ್ತಾಗಲಿಲ್ಲ.

"ನೋಡೋಣ" ಅಂದ ಕೊನೆಗೆ. "ಬಸ್ಸಿನ ಟೈಮ್ ಆಯ್ತು, ಇಡ್ತೀನಿ."

ಫೋನ್ ಕಟ್ಟಾಯಿತು. ಮಿರಾನ್ ಮತ್ತೆ ಮಾಡಬೇಕೆಂದು ಕೈಗೆತ್ತಿಕೊಂಡಳು. ಆದರೆ ಅವನನ್ನು ನಂಬಿಸಲು ಇನ್ನೇನು ಹೇಳಬೇಕೆಂದು ಅವಳಿಗೆ ತಿಳಿಯಲಿಲ್ಲ.